ಮುಂಗೈಯ ಹಟಮಾರಿ ಕಲೆಗೆ ಸೀಮೆ ಅಗಸೆ ಹಚ್ಚಬಹುದೇ?

ಪ್ರಶ್ನೆ (ಹನುಮಂತನಗರದಿಂದ)

ನಮಸ್ಕಾರ. ನಮ್ಮ ತಾಯಿಯವರ ಮುಂಗೈಯ ಮೇಲೆ ಯುಗಾದಿಗೆ ಮುಂಚೆ ಎದ್ದ ಕೆಂಪು ಕಲೆಯೊಂದು ಇನ್ನೂ ಹೋಗಿಲ್ಲ. ನಡುಭಾಗ ತಿಳಿಯಾಗಿದ್ದರೂ ಅಂಚು ಸುತ್ತಲೂ ಉಬ್ಬಿಕೊಂಡು ಹೊಟ್ಟು ಏಳುತ್ತದೆ; ರಾತ್ರಿ ತುರಿಕೆ ಹೆಚ್ಚು. ಬೇವಿನ ಸೊಪ್ಪು, ಅರಿಸಿನ ಅರೆದು ಹಚ್ಚಿದರೆ ತುರಿಕೆ ತಗ್ಗುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಿದ್ದಷ್ಟು ದಿನ ಮಾಯವಾದಂತೆ ಕಂಡು, ಬಿಟ್ಟೊಡನೆ ಮೊದಲಿಗಿಂತ ಅಗಲವಾಗಿ ಮರಳಿತು. ಈಗ ತಾಯಿಯವರು ತವರಿನಲ್ಲಿ ಬಳಸುತ್ತಿದ್ದ ಸೀಮೆ ಅಗಸೆಯ ಸೊಪ್ಪು ಬೇಕೆನ್ನುತ್ತಿದ್ದಾರೆ. ಗ್ರಂದಿಗೆ ಅಂಗಡಿಯವರು ಬಾವಂಚಿ ಬೀಜದ ಪುಡಿ ಕೊಟ್ಟಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಲ್ಲೇಶ್ವರದಿಂದ)

ಅದು ಶಿಲೀಂಧ್ರದಿಂದ (ಫಂಗಸ್) ಬರುವ ಹುಳುಕಡ್ಡಿಯೇ ಆಗಿದ್ದರೆ ತಾಯಿಯವರ ಮಾತಿನಲ್ಲಿ ಹುರುಳಿದೆ. ಸೀಮೆ ಅಗಸೆಯ ಎಲೆಯಲ್ಲಿ ಶಿಲೀಂಧ್ರವನ್ನು ತಡೆಯುವ ಕ್ರೈಸೊಫ್ಯಾನಿಕ್ ಆಮ್ಲವಿದೆ. ಇದೇ ಆಮ್ಲವಿರುವ ತಗಚೆ ಗಿಡವನ್ನು ಹಳ್ಳಿಗಳಲ್ಲಿ ಇದೇ ರೋಗಕ್ಕೆ ಬಳಸುವುದೂ ಇದರಿಂದಲೇ. ಆದರೆ ಗಿಡದ ಗುರುತು ತಪ್ಪಬಾರದು. ಪಲ್ಯಕ್ಕೆ ಬಳಸುವ ಅಗಸೆ ಬೇರೆಯೇ ಮರ. ಸೀಮೆ ಅಗಸೆಯಲ್ಲಿ ಅಗಲವಾದ ಕಿರುಎಲೆಗಳು ಜೋಡಿಜೋಡಿಯಾಗಿದ್ದು, ಹಳದಿ ಹೂಗೊಂಚಲು ನೆಟ್ಟಗೆ ನಿಲ್ಲುತ್ತದೆ, ಕಾಯಿಯ ಉದ್ದಕ್ಕೂ ರೆಕ್ಕೆಯಂಥ ಅಂಚುಗಳಿರುತ್ತವೆ. ಹಸಿ ಎಲೆಯನ್ನು ತೊಳೆದು ಅರೆದು, ಮೊದಲು ತೋಳಿನ ಒಳಭಾಗದಲ್ಲಿ ಚೂರು ಹಚ್ಚಿ, ಒಂದು ದಿನ ಕಾದು, ಉರಿ ಅಥವಾ ಗುಳ್ಳೆ ಏಳದಿದ್ದರೆ ಮಾತ್ರ ಮುಂದುವರಿಯಿರಿ. ಹಿರಿಯರು ನಿಂಬೆರಸ ಸೇರಿಸಿ ಅರೆಯುತ್ತಿದ್ದುದು ನಿಜ, ಆದರೆ ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟು ಕಪ್ಪಾಗುತ್ತದೆಯಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಎಕ್ಕದ ಹಾಲು, ಹಸಿ ಬೆಳ್ಳುಳ್ಳಿ ಇವುಗಳ ಗೊಡವೆಯೇ ಬೇಡ. ಸಕ್ಕರೆ ಕಾಯಿಲೆಯವರಿಗೆ ಸುಟ್ಟ ಗಾಯ ಬೇಗ ಮಾಯುವುದಿಲ್ಲ.

ಉತ್ತರ (ಚರ್ಮರೋಗ ವಿಭಾಗವೊಂದರಲ್ಲಿ ಕೆಲಸ ಮಾಡುವವಳು)

ಮೇಲಿನವರ ಎಚ್ಚರಿಕೆಗಳನ್ನು ಒಪ್ಪುತ್ತೇನೆ, ಆದರೆ ಸೊಪ್ಪಿಗೂ ಮುಂಚೆ ಪರೀಕ್ಷೆ ಆಗಬೇಕು. ಹಚ್ಚಿದಾಗ ಅಡಗಿ, ಬಿಟ್ಟಾಗ ಹರಡುವುದು ಸ್ಟೀರಾಯ್ಡ್ ಬೆರೆತ ಮುಲಾಮಿನ ಲಕ್ಷಣ. ಅದು ಕೆಂಪನ್ನು ಮರೆಸುತ್ತದೆ, ಶಿಲೀಂಧ್ರವನ್ನು ಬೆಳೆಯಗೊಡುತ್ತದೆ. ಆ ಟ್ಯೂಬನ್ನು ವೈದ್ಯರಿಗೆ ತಪ್ಪದೆ ತೋರಿಸಿ. ಕಲೆಯ ಅಂಚಿನಿಂದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಸಲಾದ, ಹುಳುಕಡ್ಡಿ ತರುವ ಶಿಲೀಂಧ್ರವು ಅದಕ್ಕೆಂದೇ ಕೊಡುವ ಟರ್ಬಿನಾಫಿನ್ ಔಷಧಕ್ಕೂ ಹಲವೊಮ್ಮೆ ಬಗ್ಗುವುದಿಲ್ಲವಾದ್ದರಿಂದ ಯಾವ ಔಷಧ, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಕಲೆಯ ಮೇಲೆ ಹತ್ತಿಯ ಎಳೆ ಸೋಕಿಸಿ ನೋಡಿ. ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಪೂರ್ಣವಾಗಿ ವಾಸಿಯಾಗುತ್ತದೆ, ತಡಮಾಡಬಾರದಷ್ಟೇ. ಬಾವಂಚಿಯನ್ನು ಬಳಸುವುದು ತೊನ್ನಿನ ಬಿಳಿ ಕಲೆಗೆ. ಅದರಲ್ಲಿರುವ ಸೋರಲೆನ್ ಬಿಸಿಲಿನೊಂದಿಗೆ ಸೇರಿ ಬೊಬ್ಬೆ ಎಬ್ಬಿಸುತ್ತದೆ. ನಿಮ್ಮ ತಾಯಿಯವರಿಗೆ ಅದು ಬೇಡವೇ ಬೇಡ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹತ್ತಿ ಸೋಕಿದ್ದು ಅಮ್ಮನಿಗೆ ಚೆನ್ನಾಗಿ ತಿಳಿಯಿತು. ಸೋಮವಾರ ವಿಕ್ಟೋರಿಯಾಕ್ಕೆ ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಬೇವು, ಅರಿಸಿನವನ್ನೂ ನಿಲ್ಲಿಸಬೇಕೇ?

ಉತ್ತರ (ಚರ್ಮರೋಗ ವಿಭಾಗದವಳು)

ನಿಲ್ಲಿಸಿ, ಲೇಪ ಮೆತ್ತಿದ್ದರೆ ಹೊಟ್ಟನ್ನು ಕೆರೆದು ನೋಡುವುದು ಕಷ್ಟ. ಅವರ ಟವೆಲನ್ನು ಮನೆಯಲ್ಲಿ ಬೇರೆ ಯಾರೂ ಬಳಸದಿರಲಿ, ಮತ್ತೆ ಯಾರಿಗಾದರೂ ತುರಿಕೆ ಇದ್ದರೆ ಅವರನ್ನೂ ಜೊತೆಗೆ ಕರೆತನ್ನಿ.