ಪದಚರ್ಚೆ: ಟಾರ್ಗೆಟೆಡ್ ಥೆರಪಿಗೆ ‘ಉದ್ದೇಶಿತ ಚಿಕಿತ್ಸೆ’ ಸರಿಯೇ?

ಮಾನ್ಯರೇ,
ಕರುಳಿನ ಹರಡಿದ ಕ್ಯಾನ್ಸರ್ ಕುರಿತ ರೋಗಿಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಿಮೋಥೆರಪಿಯ ಜೊತೆಗೆ ಬೆವಾಸಿಜುಮ್ಯಾಬ್ ಕೊಡುವುದೋ ಸೆಟುಕ್ಸಿಮ್ಯಾಬ್ ಕೊಡುವುದೋ ಎಂಬ ಹೋಲಿಕೆಯೇ ಅದರ ತಿರುಳು. ಎರಡೂ ಟಾರ್ಗೆಟೆಡ್ ಥೆರಪಿಯ ಆಂಟಿಬಾಡಿ ಔಷಧಗಳು. ಟಾರ್ಗೆಟೆಡ್ ಥೆರಪಿಗೆ ‘ಉದ್ದೇಶಿತ ಚಿಕಿತ್ಸೆ’, ಆಂಟಿಬಾಡಿಗೆ ‘ಪ್ರತಿಕಾಯ’ ಎಂದು ಬರೆದಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಬೇಗ ತಿಳಿಸಿ.

ಉತ್ತರ 1
ಎರಡೂ ಬೇಡ. ‘ಪ್ರತಿಕಾಯ’ ಬರಿಯ ಪಡಿಯಚ್ಚು. ಅದು ಕಾಯವೂ ಅಲ್ಲ. ‘ಎದುರುಕಣ’ ಎನ್ನಿ. ‘ಗುರಿಚಿಕಿತ್ಸೆ’ ಎಂದು ಅರಿಸಮಾಸ ಮಾಡಲು ಹೊರಡಬೇಡಿ. ‘ಗುರಿಮದ್ದು’ ಸಾಕು. ಸಂಸ್ಕೃತದ ಸಾಲ ತೀರಿಸುವುದು ಇನ್ನು ಯಾವಾಗ?

ಉತ್ತರ 2
‘ಉದ್ದೇಶಿತ’ ಬೇಡವೆಂಬುದು ನಿಜ, ಆದರೆ ಕಾರಣ ಬೇರೆ. ‘ಉದ್ದೇಶಿತ ಮೇಲ್ಸೇತುವೆ’ ಎಂದರೆ ಇನ್ನೂ ಕಟ್ಟದ ಸೇತುವೆ. ಹಾಗೆಯೇ ಇದನ್ನೂ ಇನ್ನೂ ಕೊಡದ ಚಿಕಿತ್ಸೆ ಎಂದು ರೋಗಿ ಓದುತ್ತಾನೆ. ‘ಗುರಿ’ಯ ಪಕ್ಕ ‘ಮದ್ದು’ ನಿಂತರೆ ನೆನಪಾಗುವುದು ಕೋವಿಯ ಮದ್ದು. ‘ಕಣ’ ಎಂದೊಡನೆ ಬಿಳಿ ರಕ್ತಕಣ ಕಣ್ಣಮುಂದೆ ಬರುತ್ತದೆ. ಆಂಟಿಬಾಡಿ ಒಂದು ಪ್ರೋಟೀನು. ಪತ್ರಿಕೆಗಳಲ್ಲಿ ಬಳಕೆಯಾಗಿರುವ ‘ಪ್ರತಿಕಾಯ’ವನ್ನು ಉಳಿಸಿಕೊಳ್ಳಿ. ‘ಗುರಿಯಿಟ್ಟು ಕೊಡುವ ಚಿಕಿತ್ಸೆ’ ಎಂದು ಬಿಡಿಸಿ ಬರೆದರೆ ಸಮಾಸವೇ ಇಲ್ಲ, ಅರಿಯೆಲ್ಲಿ?

ಗುರಿ ಯಾವುದೆಂದು ಹೇಳದಿದ್ದರೆ ಯಾವ ಪದವೂ ಪೊಳ್ಳು. ಬೆವಾಸಿಜುಮ್ಯಾಬ್ ಹಿಡಿಯುವುದು ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುವ ವಿಇಜಿಎಫ್ ಪ್ರೋಟೀನನ್ನು. ಸೆಟುಕ್ಸಿಮ್ಯಾಬ್ ಕ್ಯಾನ್ಸರ್ ಕೋಶದ ಮೇಲಿದ್ದು ಬೆಳೆಯುವ ಸಂಕೇತ ಪಡೆಯುವ ಇಜಿಎಫ್ಆರ್ ಗ್ರಾಹಕಕ್ಕೆ ಅಂಟುತ್ತದೆ. ಆ ಸಂಕೇತವನ್ನು ಕೋಶದೊಳಗೆ ಸಾಗಿಸುವ ರಾಸ್ ಜೀನುಗಳಲ್ಲಿ ರೂಪಾಂತರವಿದ್ದರೆ ಸೆಟುಕ್ಸಿಮ್ಯಾಬ್‌ನಿಂದ ಪ್ರಯೋಜನವಿಲ್ಲ.

ಹೆಸರಿನೊಳಗೇ ಇದೆಲ್ಲ ಅಡಗಿದೆ. ಬೆವಾಸಿಜುಮ್ಯಾಬ್‌ನ ‘ಸಿ’ ಎಂದರೆ ರಕ್ತಪರಿಚಲನೆ, ಸೆಟುಕ್ಸಿಮ್ಯಾಬ್‌ನ ‘ಟು’ ಎಂದರೆ ಗಡ್ಡೆ. ‘ಕ್ಸಿ’ ಇಲಿ ಮತ್ತು ಮನುಷ್ಯರ ಪ್ರೋಟೀನುಗಳ ಬೆರಕೆ, ‘ಜು’ ಬಹುಪಾಲು ಮಾನವೀಕರಿಸಿದ್ದು. ‘ಮ್ಯಾಬ್’ ಏಕತದ್ರೂಪಿ ಪ್ರತಿಕಾಯ, ಎಂದರೆ ಎಲ್ಲವೂ ಒಂದೇ ಅಚ್ಚಿನ ಪ್ರತಿಕಾಯ. ಆದ್ದರಿಂದ ಒಂದಕ್ಷರವನ್ನೂ ನುಂಗಬೇಡಿ, ಕನ್ನಡಿಸಲೂ ಬೇಡಿ. ಇಂಥ ಸಾಲದಿಂದ ಭಾಷೆ ಬಡವಾಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಜರ್ಮನಿಯ ಫೈರ್-3 ಪ್ರಯೋಗದಲ್ಲಿ ರಾಸ್ ಜೀನುಗಳಲ್ಲೊಂದಾದ ಕೆರಾಸ್‌ನ ರೂಪಾಂತರವಿಲ್ಲದ 592 ರೋಗಿಗಳಿದ್ದರು. ಎರಡು ಗುಂಪಿಗೂ ಕಿಮೋ ಒಂದೇ. ಸೆಟುಕ್ಸಿಮ್ಯಾಬ್ ಪಡೆದವರ ಬದುಕಿನ ಅವಧಿಯ ಮಧ್ಯಾಂಕ 28.7 ತಿಂಗಳು, ಬೆವಾಸಿಜುಮ್ಯಾಬ್ ಪಡೆದವರದು 25. ಇಂಥ ಕಡೆ ‘ಸರಾಸರಿ’ ಎಂದು ಬರೆದಿದ್ದರೆ ಈಗಲೇ ತಿದ್ದಿ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂಬುದು ಕೈಪಿಡಿ ಹಿಡಿದವರಿಗೆ ತಿಳಿಯಬೇಕು.