ದೊಡ್ಡ ದೋಣಿ ಬೇಕೇ? ತುಮರಿಯ ಜಗಲಿಯಲ್ಲಿ ಮುಗಿದ ಒಂದು ಲೆಕ್ಕ

ಗುಂಪಿನ ಎಲ್ಲರಿಗೂ ನಮಸ್ಕಾರ. ಇರುವ ಹದಿನೇಳು ಅಡಿಯ ಮೋಟಾರು ದೋಣಿಯನ್ನು ಮಾರಿ ಇಪ್ಪತ್ತನಾಲ್ಕು ಅಡಿಯದನ್ನು ಕೊಳ್ಳಬೇಕೇ ಎಂದು ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದಿರಿ. ಅರ್ಧ ಜನ "ಕೊಂಡುಬಿಡಿ, ಮಕ್ಕಳು ಮನೆಯಲ್ಲಿರುವುದು ಇನ್ನೆಷ್ಟು ವರ್ಷ" ಎಂದರು. ಉಳಿದವರು "ಇರುವುದನ್ನು ತೊಳೆಯುವುದಕ್ಕೇ ಪುರುಸೊತ್ತಿಲ್ಲ" ಎಂದು ನಕ್ಕರು. ಇದೇ ಜಗಳ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆದಿತ್ತು. ಅದು ಇತ್ಯರ್ಥವಾದದ್ದು ಮೊನ್ನೆ, ಸಾಗರ ತಾಲ್ಲೂಕಿನ ತುಮರಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ. ರಜೆಗೆ ಬಂದವನು ಅಲ್ಲಿಯೇ ಕುಳಿತು ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ನಾವಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ಹತ್ತು ಎಕರೆಗಿಂತ ಕಡಿಮೆ ಇಲ್ಲದ ಕೆರೆಗಳನ್ನಷ್ಟೇ ಎಣಿಸಿದರೂ ಅಲ್ಲಿನ ಸರ್ಕಾರಿ ಲೆಕ್ಕ 11,842. ಅಂಥ ಕಡೆ ದೋಣಿ ಇಲ್ಲದವನು ಮಲೆನಾಡಿನಲ್ಲಿ ಕೊಡೆ ಇಲ್ಲದವನ ಹಾಗೆ. ಮಗ ಎರಡು ವರ್ಷದವನಿದ್ದಾಗ ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿಯೊಂದನ್ನು ಹಳೆಯದೇ ಕೊಂಡೆವು. ಹಿಂದೆ ಅರವತ್ತು ಅಶ್ವಶಕ್ತಿಯ ಇಂಜಿನ್. ಆರು ಜನರಿಗೆ ಮೀರಬಾರದು ಎಂದು ದೋಣಿಯ ಒಳಮೈಗೆ ಹೊಡೆದ ತಗಡಿನ ಮೇಲೆ ಬರೆದಿದೆ. ಆದರೆ ಆ ಆರು ಜನ ಬುತ್ತಿ, ನೀರಿನ ಡಬ್ಬ, ಟವೆಲ್ ಏನನ್ನೂ ತರುವವರಲ್ಲ ಎಂದು ತಯಾರಕರು ನಂಬಿದ್ದರೋ ಏನೋ. ಈಗ ಮಗನಿಗೆ ಒಂಬತ್ತು, ಮಗಳಿಗೆ ಹದಿನಾಲ್ಕು. ಇಬ್ಬರಿಗೂ ಸ್ನೇಹಿತರಿದ್ದಾರೆ, ಸ್ನೇಹಿತರಿಗೆ ತಮ್ಮ ತಂಗಿಯರಿದ್ದಾರೆ.

ನನ್ನ ಹೆಂಡತಿ ಮೆಚ್ಚಿದ್ದು ಪಾಂಟೂನ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಮಟ್ಟಸವಾದ ಹಲಗೆ, ಸುತ್ತಲೂ ಕಟಕಟೆ, ಸೋಫಾ, ಮೇಲೆ ಬಟ್ಟೆಯ ಚಪ್ಪರ. ಹನ್ನೆರಡು ಜನ ಆರಾಮಾಗಿ ಕೂರಬಹುದು, ಬಾಗಿಲು ತೆಗೆದು ಸೀದಾ ನಡೆದುಕೊಂಡು ಒಳಗೆ ಹೋಗಬಹುದು. ಈ ಕೊನೆಯ ಮಾತೇ ನಮ್ಮ ಮನೆಯಲ್ಲಿ ಹೆಚ್ಚು ತೂಗಿದ್ದು. ಎರಡು ಬೇಸಿಗೆಯ ಹಿಂದೆ ಅಮ್ಮ ಬಂದಿದ್ದಾಗ ನಮ್ಮ ಚಿಕ್ಕ ದೋಣಿಯನ್ನು ಹತ್ತಲು ಆಗಲೇ ಇಲ್ಲ. ಅಂಚಿನ ಮೇಲೆ ಕಾಲಿಟ್ಟ ಕೂಡಲೇ ಅದು ವಾಲಿತು, ಅವಳ ಮಂಡಿ ಒಪ್ಪಲಿಲ್ಲ. ನಾವು ನಾಲ್ವರೂ ಒಂದು ಸುತ್ತು ಹೋಗಿ ಬರುವವರೆಗೆ ದಡದ ಬೆಂಚಿನ ಮೇಲೆ ಕೈಚೀಲ ಹಿಡಿದು ಬಸ್ಸಿಗೆ ಕಾಯುವವಳ ಹಾಗೆ ಕುಳಿತಿದ್ದಳು. ಆ ದೃಶ್ಯ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಮರುವಾರವೇ ಮಿನೆಟೊಂಕಾ ಸರೋವರದಲ್ಲಿ ಒಂದು ಪಾಂಟೂನ್ ಬಾಡಿಗೆಗೆ ಹಿಡಿದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟಳು, ಕಂಬಿ ಹಿಡಿದಳು, ಸುತ್ತ ನೋಡಿದಳು. "ಇದು ನಮ್ಮ ಹೊಳೆಬಾಗಿಲಿನ ಲಾಂಚ್ ಅಲ್ಲವೇನೋ?" ಎಂದಳು.

ಶರಾವತಿ ಹಿನ್ನೀರಿನ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಒಂದಿಷ್ಟು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನಮ್ಮ ಕರೂರು ಸೀಮೆ ಸಾಗರದಿಂದ ತುಂಡಾಗಿ ನೀರಿನಾಚೆ ಉಳಿಯಿತು. ಹೊಳೆಬಾಗಿಲಿನಿಂದ ಕಳಸವಳ್ಳಿಗೆ ದಾಟಲು ಲಾಂಚ್ ಒಂದೇ ಗತಿಯಾಗಿತ್ತು. ಬಸ್ಸು, ಬೈಕು, ಮದುವೆ ದಿಬ್ಬಣ, ಸಿಗಂದೂರಿನ ಭಕ್ತರು, ಹೆರಿಗೆ ನೋವು ತಿನ್ನುವ ಹೆಂಗಸು, ಎಲ್ಲವೂ ಎಲ್ಲರೂ ಅದರ ಮೇಲೆಯೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಎದುರಿಗೆ ಮನೆಯ ದಿಕ್ಕು ಕಾಣುತ್ತಿದ್ದರೂ ಈಚೆ ದಡದಲ್ಲಿ ರಾತ್ರಿ ಕಳೆಯಬೇಕಿತ್ತು. ನಾನು ಹಾಗೆ ಎರಡು ಸಲ ಕಳೆದಿದ್ದೇನೆ. ದೋಣಿ ಎಂದರೆ ಮೋಜು ಎನ್ನುವುದು ನನಗೆ ಮೂವತ್ತು ದಾಟಿದ ಮೇಲೆ ಹೊರದೇಶದಲ್ಲಿ ಕಲಿತ ವಿದ್ಯೆ. ಈಗಲೂ ಪೂರ್ತಿ ಮೈಗೂಡಿಲ್ಲ. ಇಂಜಿನ್ ಚಾಲೂ ಮಾಡುವಾಗ ಎಲ್ಲಿಗೋ ತಲುಪಬೇಕು ಎಂಬ ಆತುರ ಬಂದುಬಿಡುತ್ತದೆ.

ಅಮ್ಮನ ತವರು ಮುಳುಗಡೆಯಲ್ಲಿ ಹೋದದ್ದು. ಆಗ ಅವಳಿಗೆ ಒಂಬತ್ತು, ಈಗಿನ ನನ್ನ ಮಗನ ವಯಸ್ಸು. ಮಿನೆಟೊಂಕಾದ ನಡುವೆ ಇಂಜಿನ್ ನಿಲ್ಲಿಸಿ ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಅವಳು ಕಟಕಟೆಯಿಂದ ಬಗ್ಗಿ ನೋಡಿ ಕೇಳಿದಳು: "ಇದರ ಅಡಿಯಲ್ಲಿ ಯಾರ ಊರಿತ್ತು?" ಮೊಮ್ಮಗಳು ನಕ್ಕು, ಅಜ್ಜಿ, ಇದು ಹಿಮನದಿ ಕೊರೆದ ಕೆರೆ, ಕೆಳಗೆ ಯಾರ ಊರೂ ಇರಲಿಲ್ಲ ಎಂದು ಶಾಲೆಯ ಪಾಠ ಒಪ್ಪಿಸಿದಳು. ಅದು ಸರಿಯೇ. ಆದರೆ ಮಿನೆಟೊಂಕಾ ಎಂದು ಹೆಸರಿಟ್ಟದ್ದು ಯಾರ ಮಾತಿನಲ್ಲಿ ಎಂದು ನಾನು ಆಮೇಲೆ ಹುಡುಕಿದೆ. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರದು. ನೀರಿಗೆ ಅವರ ಮಾತು "ಮ್ನಿ". ರಾಜ್ಯದ ಹೆಸರಿನ ಮೊದಲಲ್ಲಿ ಇರುವುದೂ ಅದೇ. ಅಮೆರಿಕ ಸರ್ಕಾರದ ಜೊತೆ ನಡೆದ 1862ರ ಯುದ್ಧದ ಮರುವರ್ಷ ಅವರನ್ನು ಆ ರಾಜ್ಯದಿಂದಲೇ ಹೊರಗಟ್ಟಿದರು. ಅಡಿಯಲ್ಲಿ ಊರಿರಲಿಲ್ಲ, ದಡದಲ್ಲಿ ಇತ್ತು.

ವಿಷಯಕ್ಕೆ ಬರುತ್ತೇನೆ. ಅಂದು ವಾಪಸು ಬರುವಾಗ ಗಾಳಿ ಎದ್ದಿತು. ಪಾಂಟೂನನ್ನು ಮೆಚ್ಚಿ ಮಾತನಾಡುವವರು ಇದೊಂದನ್ನು ಹೇಳುವುದಿಲ್ಲ: ಅದರ ಕಟಕಟೆ, ಚಪ್ಪರ ಎಲ್ಲ ಸೇರಿ ಗಾಳಿಗೆ ಹಾಯಿಯಾಗುತ್ತದೆ. ನಾನು ಕಟ್ಟೆಯ ಕಡೆಗೆ ತಿರುಗಿಸುತ್ತೇನೆ, ಅದು ಪಕ್ಕದವರ ಹೊಳೆಯುವ ದೋಣಿಯ ಕಡೆಗೆ ಜಾರುತ್ತದೆ. ಮೂರು ಸಲ ಹಿಂದೆ ಸರಿದು ಮತ್ತೆ ಬಂದೆ. ನಾಲ್ಕನೆಯ ಸಲ ಮಗಳು ಮುಂದಿನ ಮೂಲೆಯಲ್ಲಿ ಹಗ್ಗದ ಸುರುಳಿ ಹಿಡಿದು ನಿಂತು ಗೂಟಕ್ಕೆ ಎಸೆದಳು, ಗುರಿ ಹಿಡಿಯಿತು. ಅಮ್ಮ ಆ ಇಡೀ ಗದ್ದಲದಲ್ಲಿ ತುಟಿ ಬಿಚ್ಚಲಿಲ್ಲ. ಇಳಿದ ಮೇಲೆ ಮಗಳ ಬೆನ್ನು ತಟ್ಟಿ, "ಖಲಾಸಿ ಪರವಾಗಿಲ್ಲ, ಡ್ರೈವರ್ ಮಾತ್ರ ಹೊಸಬ" ಎಂದಳು.

ಇನ್ನೊಂದು ಎಚ್ಚರ: ಎಲ್ಲರೂ ಫೋಟೋಗೆಂದು ಮುಂಭಾಗದಲ್ಲಿ ಗುಂಪಾದರೆ, ಎದುರಿನಿಂದ ದೊಡ್ಡ ದೋಣಿಯ ಅಲೆ ಬಂದಾಗ ಪಾಂಟೂನಿನ ಮೂತಿ ಹೂತು ನೀರು ಹಲಗೆಯ ಮೇಲೆ ಏರುತ್ತದೆ. ಬಾಗಿಲಾಚೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದಂತೂ ಬೇಡವೇ ಬೇಡ. ಬಿದ್ದವರ ಮೇಲೆಯೇ ದೋಣಿ ಹಾಯುತ್ತದೆ, ಹಿಂದೆ ಪಂಖ ಇದೆ. ಮಿನೆಸೋಟಾದಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಚಲಿಸುವ ದೋಣಿಯಲ್ಲಿ ಜೀವರಕ್ಷಕ ಅಂಗಿ ಕಡ್ಡಾಯ. ನಮ್ಮ ದೋಣಿಯಲ್ಲಿ ನನಗೂ ಕಡ್ಡಾಯ, ಮಗಳ ಕಾನೂನು.

ಈಗ ದುಡ್ಡು. ನಮಗೆ ಹೇಳಿದ ಬೆಲೆ, 150 ಅಶ್ವಶಕ್ತಿಯ ಇಂಜಿನ್ ಸೇರಿ, ಅರವತ್ತು ಸಾವಿರ ಡಾಲರ್. ಬೆಲೆಯ ಹತ್ತರಲ್ಲಿ ಒಂದು ಪಾಲು ಪ್ರತಿ ವರ್ಷ ವಿಮೆ, ದುರಸ್ತಿ, ಚಳಿಗಾಲದ ತಂಗುದಾಣ ಎಂದು ಹೋಗುತ್ತದೆ ಎನ್ನುವುದು ದೋಣಿಯವರ ಕೈಲೆಕ್ಕ. ಹೊರ ಇಂಜಿನ್ನಿಗೆ ಇನ್ನೊಂದು ಕೈಲೆಕ್ಕವಿದೆ: ಪೂರ್ತಿ ವೇಗದಲ್ಲಿ ಅಶ್ವಶಕ್ತಿಯ ಹತ್ತನೆಯ ಒಂದು ಭಾಗದಷ್ಟು ಗ್ಯಾಲನ್ ಗಂಟೆಗೆ ಕುಡಿಯುತ್ತದೆ. ನಮ್ಮ ಅರವತ್ತರ ಇಂಜಿನ್ನಿಗೆ ಆರು ಗ್ಯಾಲನ್, ಸುಮಾರು 23 ಲೀಟರ್. ನೂರೈವತ್ತಕ್ಕೆ ಹದಿನೈದು, ಸುಮಾರು 57 ಲೀಟರ್. ನಿಧಾನವಾಗಿ ಹೋದರೆ ಬಹಳ ಕಡಿಮೆ. ಆದರೆ ದೊಡ್ಡ ಇಂಜಿನ್ ಕೊಂಡು ಯಾರು ನಿಧಾನವಾಗಿ ಹೋಗುತ್ತಾರೆ?

ಇದಕ್ಕಿಂತ ನನ್ನನ್ನು ತಡೆದದ್ದು ಕಾರು. ನಮ್ಮ ಕಾರಿನ ಎಳೆಯುವ ಮಿತಿ 5,000 ಪೌಂಡ್, ಅಂದರೆ 2,270 ಕಿಲೋದ ಹತ್ತಿರ. ದೋಣಿ, ಇಂಜಿನ್, ಟ್ರೇಲರ್, ತುಂಬಿದ ಟ್ಯಾಂಕು, ಸಾಮಾನು ಎಲ್ಲ ಸೇರಿದರೆ ಅದು ಆ ಮಿತಿಯನ್ನು ಮುಟ್ಟುತ್ತದೆ, ಮೀರಲೂಬಹುದು. ಒದ್ದೆ ಪಾಚಿಯ ಇಳಿಜಾರಿನಲ್ಲಿ ಅದನ್ನು ಮೇಲಕ್ಕೆ ಎಳೆಯುವಾಗ ಮಿತಿಯ ತುದಿಯಲ್ಲಿ ಇರುವುದು ನನಗೆ ಬೇಡ. ಹಾಗಾದರೆ ಪಿಕಪ್ ಟ್ರಕ್ ಕೊಳ್ಳಬೇಕು. ದೋಣಿಗಾಗಿ ಟ್ರಕ್, ಟ್ರಕ್ಕಿಗಾಗಿ ದೊಡ್ಡ ಗ್ಯಾರೇಜು. ಕೌಪೀನ ಉಳಿಸಲು ಬೆಕ್ಕು, ಬೆಕ್ಕಿಗಾಗಿ ಹಸು ಸಾಕಿದ ಸನ್ಯಾಸಿಯ ಕಥೆ ನಮಗೆಲ್ಲ ಗೊತ್ತಲ್ಲ.

ಇಷ್ಟಾದರೂ ಹೆಂಡತಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅಲ್ಲಿ ಮಕ್ಕಳಿಗೆ ಚಿಕ್ಕಪ್ಪ, ಅತ್ತೆ, ಭಾವ ಯಾರೂ ಇಲ್ಲ. ನಾಲ್ಕು ಕನ್ನಡ ಕುಟುಂಬ ಒಂದೇ ದೋಣಿಯಲ್ಲಿ ಅರ್ಧ ದಿನ ಕಳೆದರೆ ಅದೇ ಬಳಗ ಎನ್ನುತ್ತಾಳೆ. ನಿಜ. ಆದರೆ ನಾನು ಕಂಡದ್ದನ್ನೂ ಹೇಳಬೇಕು. ಹನ್ನೆರಡು ಜನರ ದೋಣಿಯಲ್ಲಿ ಮಕ್ಕಳು ಒಂದು ತುದಿಗೆ ಸರಿದು ಇಂಗ್ಲಿಷಿನಲ್ಲಿ ಇರುತ್ತಾರೆ, ದೊಡ್ಡವರು ಇನ್ನೊಂದು ತುದಿಯಲ್ಲಿ ಕನ್ನಡದಲ್ಲಿ ಶಾಲಾ ಫಲಿತಾಂಶ ಮಾತನಾಡುತ್ತಾರೆ. ನಮ್ಮ ಚಿಕ್ಕ ದೋಣಿಯಲ್ಲಿ ಓಡಿಹೋಗಲು ಜಾಗವಿಲ್ಲ. ಗಾಳ ಹಾಕಿ ಕುಳಿತರೆ ಎದುರಿಗೆ ಅಪ್ಪ, ಹಿಂದೆ ನೀರು. ಲಂಗರು, ಹುಟ್ಟು, ಸುಳಿ, ಗಂಟು, ಸಡಿಲ, ಬಿಗಿ, ಈ ಮಾತುಗಳನ್ನು ನನ್ನ ಮಕ್ಕಳು ಯಾವ ಭಾನುವಾರದ ಕನ್ನಡ ಶಾಲೆಯಲ್ಲೂ ಕಲಿಯಲಿಲ್ಲ.

"ಬಿರಡೆ" ಅವುಗಳಲ್ಲೆಲ್ಲ ಹಿರಿಯದು. ದೋಣಿಯನ್ನು ರಸ್ತೆಯ ಮೇಲೆ ಒಯ್ಯುವಾಗ ಹಿಂಬದಿಯ ತೂತಿನ ಬಿರಡೆ ತೆಗೆದಿರಲೇಬೇಕು ಎನ್ನುವುದು ಅಲ್ಲಿನ ಕಾನೂನು. ಒಂದು ಕೆರೆಯ ನೀರಿನ ಜೊತೆ ಜೀಬ್ರಾ ಮಸೆಲ್ ಎಂಬ ಚಿಪ್ಪಿನ ಜೀವಿ ಇನ್ನೊಂದು ಕೆರೆಗೆ ಹೋಗಬಾರದೆಂದು. ತೆಗೆದದ್ದನ್ನು ನೀರಿಗಿಳಿಸುವ ಮೊದಲು ಮತ್ತೆ ಹಾಕಬೇಕಲ್ಲ. ಒಮ್ಮೆ ಮರೆತೆ. ಐದು ನಿಮಿಷ ಕಳೆದಿರಲಿಲ್ಲ, ಮಗ ತಣ್ಣಗೆ "ಅಪ್ಪ, ನನ್ನ ಕಾಲು ಒದ್ದೆ" ಎಂದ. ನೋಡಿದರೆ ಬುತ್ತಿಯ ಚೀಲ ತೇಲುತ್ತಿದೆ. ಹಿತ್ತಾಳೆಯ ಆ ಹೆಬ್ಬೆರಳು ಗಾತ್ರದ ವಸ್ತು ನನ್ನ ಜೇಬಿನಲ್ಲಿಯೇ ಇತ್ತು. ಅಂದಿನಿಂದ ನಾನು ಟ್ರೇಲರನ್ನು ಹಿಂದಕ್ಕೆ ಬಿಡುವ ಮೊದಲು ಮಗಳು ದಡದಿಂದ ಕೂಗುತ್ತಾಳೆ: "ಬಿರಡೆ?" ನಾನು "ಹಾಕಿದೆ" ಎನ್ನಬೇಕು. ಸುತ್ತಲಿನ ಬಿಳಿಯರು ಇದೇನೋ ನಮ್ಮ ಪೂಜೆಯ ಮಂತ್ರವೆಂದು ತಿಳಿದಿದ್ದಾರೆ.

ಈ ಸಲ ಊರಿಗೆ ಬಂದದ್ದು ಸೇತುವೆಯ ಮೇಲೆ. 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, 2.44 ಕಿಲೋಮೀಟರ್. ಅರ್ಧ ಬದುಕು ಕಾದು ಕುಳಿತು ದಾಟಿದ್ದ ನೀರನ್ನು ಎರಡು ಮೂರು ನಿಮಿಷದಲ್ಲಿ ದಾಟಿ ಮುಗಿಯಿತು. ಮಗ ಲಾಂಚ್ ಎಲ್ಲಿ ಎಂದು ಕಿಟಕಿಯಿಂದ ಹುಡುಕುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಆಚೆ ದಡ ಬಂತು.

ಮನೆಯಲ್ಲಿ ಅಡಿಕೆ ಕೊಯ್ಲಿನ ಕಾಲ. ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದಳು. ಹೆಂಡತಿ ಜನವರಿಯ ದೋಣಿ ಮೇಳದಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಮಾತು ತೆಗೆದಳು. ಆಗ ಮಗಳು ತನ್ನ ನೋಟುಪುಸ್ತಕ ತಂದಳು. ಪ್ರತಿ ಸಲ ದೋಣಿ ಇಳಿಸಿದಾಗ ದಿನ, ಜನ, ಪೆಟ್ರೋಲು, ಸಿಕ್ಕ ಮೀನು ಬರೆದಿಡುವ ಅಭ್ಯಾಸ ಅವಳಿಗೆ. ಮೇ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಇಪ್ಪತ್ತೆರಡು ದಿನ ಹೋಗಿದ್ದೆವು. ಅದರಲ್ಲಿ ಹನ್ನೊಂದು ದಿನ ಇಬ್ಬರೋ ಮೂವರೋ ಮಾತ್ರ, ಸಂಜೆಯ ಹೊತ್ತು, ಕೆಲಸ ಮುಗಿಸಿ. ಜಾಗ ಸಾಲದೆ ಹೋದದ್ದು ಮೂರು ದಿನ.

ಆ ಹನ್ನೊಂದು ಸಂಜೆಗಳ ಮೇಲೆ ನಾವು ಬಹಳ ಹೊತ್ತು ನಿಂತೆವು. ಚಿಕ್ಕ ದೋಣಿಯನ್ನು ನಾನು ಮತ್ತು ಮಗಳು ಕಾಲು ಗಂಟೆಯಲ್ಲಿ ಇಳಿಸುತ್ತೇವೆ. ದೊಡ್ಡದಾದರೆ ಹೊದಿಕೆ ಬಿಚ್ಚುವುದಕ್ಕೇ ಅಷ್ಟು ಹೊತ್ತು ಬೇಕು, ಆ ಸಂಜೆಗಳು ಮೊದಲು ಹೋಗುತ್ತವೆ. ಪಾಂಟೂನ್ ಬಾಡಿಗೆ ದಿನಕ್ಕೆ ಐನೂರು ಡಾಲರಿನ ಆಸುಪಾಸು. ಮೂರು ದಿನಕ್ಕೆ ಸಾವಿರದೈನೂರು. ಸ್ವಂತದ್ದರ ವಾರ್ಷಿಕ ಖರ್ಚೇ ಆರು ಸಾವಿರ. ಹೆಂಡತಿ ಪುಸ್ತಕವನ್ನು ಎರಡು ಸಲ ತಿರುವಿ, "ಸ್ವಂತದ್ದಿದ್ದರೆ ಮೂರು ದಿನ ಹತ್ತು ದಿನವಾಗುತ್ತಿತ್ತು" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಮ್ಮ ಕತ್ತಿಯಿಂದ ಕಣ್ಣೆತ್ತದೆ, "ಲಾಂಚ್ ಏನು ನಮ್ಮದಾಗಿತ್ತೇ? ದಾಟಲಿಲ್ಲವೇ ನಾವು?" ಎಂದಳು. ಹೆಂಡತಿಗೆ ನಗು ಬಂತು. ಹಾಗೆ ಮುಗಿಯಿತು, ಸದ್ಯಕ್ಕೆ.

ನಿಮ್ಮ ಲೆಕ್ಕ ಬೇರೆಯಾಗಬಹುದು. ಕೆರೆಯ ದಡದಲ್ಲೇ ಮನೆಯಿದ್ದು, ದೋಣಿಯನ್ನು ಬೇಸಿಗೆಯಿಡೀ ನೀರಲ್ಲೇ ಬಿಡುವವರಾದರೆ ಎಳೆಯುವ ರಗಳೆಯಿಲ್ಲ, ಕಣ್ಣು ಮುಚ್ಚಿ ಕೊಂಡುಬಿಡಿ. ಜೊತೆಯಲ್ಲಿ ಅಪ್ಪ ಅಮ್ಮ ಇರುವವರೂ ಅಷ್ಟೇ. ಸುಪೀರಿಯರ್ ಸರೋವರದಂಥ ಸಮುದ್ರದಷ್ಟು ನೀರಿಗೆ ಇಳಿಯುವ ಆಸೆಯಿದ್ದರೆ ಮಾತ್ರ ಪಾಂಟೂನ್ ಬೇಡ, ಆಳವಾದ ಮೈಯ ದೋಣಿ ನೋಡಿ.

ಹಾಗೆಯೇ, ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್, ಸೇಂಟ್ ಪಾಲ್) ಕಡೆಯವರಿಗೆ ಒಂದು ಕೇಳಿಕೆ. ಜುಲೈ ಎರಡನೆಯ ಶನಿವಾರಕ್ಕೆ ಮಿನೆಟೊಂಕಾದಲ್ಲಿ ಹನ್ನೆರಡು ಜನರ ಪಾಂಟೂನ್ ಹಿಡಿಯುತ್ತಿದ್ದೇವೆ. ನಾವು ನಾಲ್ವರು, ಎಂಟು ಜಾಗ ಖಾಲಿ. ಬಾಡಿಗೆ, ಪೆಟ್ರೋಲ್ ಹಂಚಿಕೊಳ್ಳೋಣ, ಚಿತ್ರಾನ್ನ ಮತ್ತು ಅಪ್ಪೆಹುಳಿ ನಮ್ಮ ಕಡೆಯಿಂದ. ಗಾಳಿ ಬಂದಾಗ ಹಗ್ಗ ಎಸೆಯಬಲ್ಲವರು ಇನ್ನೊಬ್ಬರು ಇದ್ದರೆ ಒಳ್ಳೆಯದು.