ಎಲ್‌ವಿ ಮಾಸ್ (ಹೃದಯದ ಎಡ ಕೆಳಕೋಣೆಯ ಸ್ನಾಯುವಿನ ತೂಕ): ಬಿಎಸ್‌ಎ (ಮೈಯ ಮೇಲ್ಮೈ ವಿಸ್ತೀರ್ಣ) ಪ್ರಕಾರ ನಾರ್ಮಲ್, ಎತ್ತರದ ಪ್ರಕಾರ ಜಾಸ್ತಿ. ಯಾವುದು ಸರಿ?

ಪ್ರಶ್ನೆ (ಬಾಗಲಕೋಟೆ):
ನಮಸ್ಕಾರ. ಎಕೋ (ಹೃದಯದ ಅಲ್ಟ್ರಾಸೌಂಡ್) ಕಲಿಯುತ್ತಿದ್ದೇನೆ, ಲೆಕ್ಕಕ್ಕೆ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೇನೆ. ಒಂದು ಕೇಸ್ ತಲೆ ತಿನ್ನುತ್ತಿದೆ. ಹಳೇ ಬಿಪಿ ಇರುವ ಹೆಂಗಸು, ಎತ್ತರ 152 ಸೆಂ.ಮೀ, ತೂಕ 84 ಕೆ.ಜಿ. ಎಡ ಕೆಳಕೋಣೆಯ ಸೆಪ್ಟಮ್ (ಬಲ ಕೋಣೆಯಿಂದ ಬೇರ್ಪಡಿಸುವ ನಡುಗೋಡೆ) 1.1, ಹಿಂದಿನ ಗೋಡೆ 1.1, ಒಳಗಿನ ಅಗಲ 4.5 ಸೆಂ.ಮೀ. ಮಾಸ್ 175 ಗ್ರಾಂ ಬಂತು. ಅದನ್ನು ಬಿಎಸ್‌ಎಯಿಂದ ಭಾಗಿಸಿದರೆ 93, ನಾರ್ಮಲ್. ಎತ್ತರದ (ಮೀಟರ್‌ನಲ್ಲಿ) 2.7 ಘಾತದಿಂದ ಭಾಗಿಸಿದರೆ 56.5, ಬಹಳ ಜಾಸ್ತಿ. ಫಾರ್ಮುಲಾ ಎಲ್ಲಿ ಕೆಟ್ಟಿದೆ?

ಉತ್ತರ (ಬೆಳಗಾವಿ):
ಫಾರ್ಮುಲಾ ಸರಿಯಾಗೇ ಇದೆ ರೀ. ಮೂರೂ ಅಳತೆ ಕೂಡಿಸಿದರೆ 6.7. ಅದರ ಘನದಲ್ಲಿ 4.5ರ ಘನ ಕಳೆದು, 0.8 ಮತ್ತು 1.04ರಿಂದ ಗುಣಿಸಿ, 0.6 ಸೇರಿಸಿದೆ. ನನಗೂ 175 ಗ್ರಾಂ ಬಂತು.

ತೊಡಕು ಇರುವುದು ಬಿಎಸ್‌ಎಯಲ್ಲಿ. ತೂಕ ಏರಿದರೆ ಅದೂ ಏರುತ್ತದೆ, ಏರಿದ್ದು ಬರೀ ಬೊಜ್ಜಾದರೂ ಸರಿ. ಇದೇ ಹೆಂಗಸಿನ ತೂಕ 60 ಕೆ.ಜಿ ಅಂತ ಹಾಕಿ ನೋಡಿ: ಬಿಎಸ್‌ಎ 1.88ರಿಂದ 1.59ಕ್ಕೆ ಇಳಿಯುತ್ತದೆ, ಉತ್ತರ 110 ಆಗುತ್ತದೆ. ಹೆಂಗಸರಿಗೆ ಮಿತಿ 95. ಹೃದಯ ಅದೇ, ಗೋಡೆ ಅದೇ! ಬೊಜ್ಜು ಇದ್ದವರಲ್ಲಿ ದಪ್ಪಗಾದ ಹೃದಯ ಹೀಗೆ ಮರೆಯಾಗಿಬಿಡುತ್ತದೆ. ಅಂಥವರಿಗೆ ನಾನು ಎತ್ತರದ ಲೆಕ್ಕವನ್ನೇ ನಂಬುತ್ತೇನೆ. ಅದರ ಮಿತಿ ಹೆಂಗಸರಿಗೆ 44, ಗಂಡಸರಿಗೆ 48.

ಇನ್ನೊಂದು ಕಾಲಂ ಸೇರಿಸಿ. ಹಿಂದಿನ ಗೋಡೆಯ ಎರಡು ಪಟ್ಟನ್ನು ಒಳಗಿನ ಅಗಲದಿಂದ ಭಾಗಿಸಿ. ಇಲ್ಲಿ 0.49. ಇದು 0.42 ದಾಟಿದರೆ ಕೋಣೆಗೆ ಹೋಲಿಸಿ ಗೋಡೆ ದಪ್ಪ ಅಂತ ಅರ್ಥ. ಬಿಪಿ ಇದ್ದವರಲ್ಲಿ ಇದನ್ನು ಸುಮ್ನೆ ಬಿಡಬೇಡಿ.

ಅಳತೆಯನ್ನೂ ಮತ್ತೊಮ್ಮೆ ನೋಡಿ. ಎರಡೂ ಗೋಡೆ ಒಂದೊಂದು ಮಿ.ಮೀ ಕಡಿಮೆಯಾದರೆ 175 ಗ್ರಾಂ 153ಕ್ಕೆ ಬರುತ್ತದೆ. ಘನ ಇದೆಯಲ್ವಾ, ಸಣ್ಣ ತಪ್ಪೂ ಹಿಗ್ಗುತ್ತದೆ. ಎಕೋದಲ್ಲಿ ಹಿಡಿದ ಕಟ್ (ಅಡ್ಡಸೀಳಿನ ಚಿತ್ರ) ಓರೆಯಾದರೆ ಗೋಡೆ ಸುಳ್ಳೇ ದಪ್ಪ ಕಾಣುತ್ತದೆ.

ಪ್ರಶ್ನೆ (ವಿಜಯಪುರ):
ಸರ್, ನಮ್ಮ ಕಡೆ ಸೈಕಲ್ ರೇಸ್ ಹುಡುಗರು ಜಾಸ್ತಿ. ಅವರಿಗೂ ಇದೇ ಮಿತಿನಾ?

ಉತ್ತರ (ಬೆಳಗಾವಿ):
ಅವರಲ್ಲಿ ಮಾಸ್ ಮಿತಿ ದಾಟಬಹುದು. ಆದರೆ ಗೋಡೆಯ ಜೊತೆ ಕೋಣೆಯೂ ಹಿಗ್ಗಿರುತ್ತದೆ, ಹಾಗಾಗಿ ಆ ಅನುಪಾತ ಸಾಮಾನ್ಯವಾಗಿ 0.42ರ ಒಳಗೇ ಇರುತ್ತದೆ. ಗೋಡೆ ದಪ್ಪಗಾಗಿ ಕೋಣೆ ಸಣ್ಣದಾಗಿದ್ದರೆ ಅದು ಸೈಕಲ್‌ನಿಂದ ಅಂತ ಬಿಡದೆ ಹೃದಯದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು (ಬಾಗಲಕೋಟೆ):
ಮತ್ತೆ ಅಳೆದೆ, 1.1 ಸರಿ ಇದೆ. ಎರಡೂ ಲೆಕ್ಕ ಬರೆದು ನಮ್ಮ ಡಾಕ್ಟರಿಗೆ ಕೊಡುತ್ತೇನೆ. ಥ್ಯಾಂಕ್ಸ್ ರೀ.